ಹಾಜರಿ ಪುಸ್ತಕದ ಇಪ್ಪತ್ತೇಳು ಮಂದಿ

ಜನವರಿಯ ಎರಡನೆಯ ವಾರ. ನೆಲ ಹೆಪ್ಪುಗಟ್ಟಿ ಮೈದಾನಕ್ಕೆ ಬೀಗ ಬಿದ್ದಿತ್ತು, ತರಬೇತಿ ನಿಂತಿತ್ತು. ಆದರೂ ಮಂಗಳವಾರ ಮಧ್ಯಾಹ್ನ ನಮ್ಮ ಕೋಚ್ ಕ್ರೀಡಾ ವಿಭಾಗದ ಕಚೇರಿಗೆ ಬಂದು, ನನ್ನ ಮೇಜಿನೆದುರು ಕುರ್ಚಿ ಎಳೆದುಕೊಂಡು ಕೂತರು. ಕಾಫಿ ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರೂ ಅರ್ಧ ಮೇಜಿನ ಮೇಲೆ ಚೆಲ್ಲಿತು. ಬಟ್ಟೆ ತರಲು ನಾನು ಎದ್ದೆ.

“ಕೂತ್ಕೊಳ್ಳಿ, ನಾನೇ ಒರೆಸ್ತೀನಿ,” ಎಂದರು. “ಇದನ್ನ ಹೇಳೋಕೇ ಬಂದಿದ್ದು. ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು. ಈ ಸೀಸನ್ ನನ್ನಿಂದ ಆಗಲ್ಲ. ಮುಂದೆಯೂ ಆಗಲ್ಲ.”

ಅವರು ಆಡಿದ್ದು ಡಚ್‌ನಲ್ಲಿ. ಇಲ್ಲಿಯವರ ಮಾತನ್ನೆಲ್ಲ ನನ್ನ ಕಿವಿಗೆ ಕೇಳಿಸಿದ ಹಾಗೆ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ರಾಟರ್‌ಡ್ಯಾಮಿನ ನಮ್ಮ ಕಾಲೇಜಿಗೆ ಒಂದು ಅಮೆರಿಕನ್ ಫುಟ್‌ಬಾಲ್ ತಂಡ ಇದೆ. ಕಾಲಿನಲ್ಲಿ ಒದೆಯುವ ಆಟ ಅಲ್ಲ ಅದು. ತಲೆಗೆ ಹೆಲ್ಮೆಟ್, ಹೆಗಲಿಗೆ ಪ್ಯಾಡ್ ಕಟ್ಟಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಇಲ್ಲವೇ ಎಸೆಯುವ ಆಟ. ನಾನು ಆ ತಂಡದ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಹೆಲ್ಮೆಟ್ ಎಣಿಸುವುದು, ಜೆರ್ಸಿ ಒಗೆಸುವುದು, ಪಂದ್ಯದ ದಿನ ಐಸ್ ತರುವುದು, ಎಲ್ಲಕ್ಕಿಂತ ಮುಖ್ಯವಾಗಿ ಮಂಗಳವಾರ, ಗುರುವಾರ ಸಂಜೆ ಹಾಜರಿ ಬರೆಯುವುದು. ಆಟ ನನಗೆ ಮೊದಲ ವರ್ಷ ಏನೂ ಅರ್ಥವಾಗಿರಲಿಲ್ಲ. ಹಾಜರಿ ಪುಸ್ತಕ ಮಾತ್ರ ಮೊದಲ ದಿನದಿಂದ ಚೆನ್ನಾಗಿ ಅರ್ಥವಾಗಿತ್ತು, ಅಥವಾ ನಾನು ಹಾಗಂದುಕೊಂಡಿದ್ದೆ.

ಕೋಚ್ ಹೋದ ಮೇಲೆ ವಿಭಾಗದ ಮುಖ್ಯಸ್ಥೆ ನನ್ನನ್ನು ಒಳಗೆ ಕರೆದರು. ನೆಟ್ಟಗೆ ಮಾತಾಡುವ ಹೆಂಗಸು. ಹಿಂದಿನ ವರ್ಷ ಒಂದು ಪಂದ್ಯಕ್ಕೆ ಆಟಗಾರರು ಸಾಲದೆ ಆಡದೆಯೇ ಬಿಟ್ಟುಕೊಟ್ಟಿದ್ದೆವು. ನಮ್ಮ ಲೀಗಿನಲ್ಲಿ ಪಂದ್ಯ ಶುರುವಾಗುವಾಗ ತಂಡಕ್ಕೆ ಹದಿನೆಂಟು ಮಂದಿ ಸಜ್ಜಾಗಿ ನಿಂತಿರಬೇಕು. ಹದಿನೇಳಾದರೆ ಪಂದ್ಯ ಇಲ್ಲ.

“ಈ ವರ್ಷ ಒಂದೇ ಒಂದು ಪಂದ್ಯ ಹಾಗಾದರೂ ತಂಡವನ್ನ ಲೀಗಿನಿಂದ ವಾಪಸ್ ತಗೋತೀನಿ,” ಎಂದರು. “ಆ ಮೈದಾನಕ್ಕೆ ಹಾಕಿಯವರು ಕಾದಿದ್ದಾರೆ. ಏಪ್ರಿಲ್ ಮೊದಲ ಭಾನುವಾರ ಮೊದಲ ಪಂದ್ಯ. ಅಷ್ಟರೊಳಗೆ ಹೊಸ ಕೋಚ್ ಬೇಕು. ನೀವು, ನಾನು, ಕ್ಯಾಪ್ಟನ್, ಮೂರೇ ಜನ ಕೂತು ಆರಿಸೋಣ.”

ಎರಡು ಅರ್ಜಿ ಬಂದವು. ಒಂದು ಹೊರಗಿನವರದ್ದು. ಝೇಲಂಡ್ ಕಡೆಯ ಸಣ್ಣ ಊರಿನವರು, ಜರ್ಮನಿಯಲ್ಲಿ ಆಡಿ ಬಂದವರು, ಮೂವತ್ತೈದರ ಆಸುಪಾಸು. ಇನ್ನೊಂದು ನಮ್ಮವರದ್ದೇ. ಹಳೆಯ ಕೋಚ್‌ಗೆ ಏಳು ವರ್ಷ ಸಹಾಯಕರಾಗಿದ್ದ ಲೈನ್ ಕೋಚ್, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಳ್ಳುವವರಿಗೆ ಕಲಿಸುವವರು. ಬಂದರಿನಲ್ಲಿ ಕ್ರೇನ್ ಓಡಿಸುವವರು, ನನಗಿಂತ ಎರಡು ವರ್ಷ ದೊಡ್ಡವರು, ಸಂಜೆಯಿಡೀ ಹತ್ತು ಮಾತಾಡಿದರೆ ಹೆಚ್ಚು.

ಸಂದರ್ಶನಕ್ಕೆ ಹೊರಗಿನವರು ಲ್ಯಾಪ್‌ಟಾಪ್ ತಂದರು. ಅವರ ಆಟ ಎಸೆತದ್ದು. ನಾಲ್ಕು ಜನ ರಿಸೀವರ್‌ಗಳು, ಅಂದರೆ ಚೆಂಡು ಹಿಡಿಯುವವರು, ಮೈದಾನದ ಅಗಲಕ್ಕೆ ಹರಡಿಕೊಂಡು ಓಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಹಿಂದೆ ನಿಂತು ಎಸೆಯುತ್ತಾನೆ. ಹಿಡಿಯುವವನು ಇನ್ನೂ ತಿರುಗಿರುವುದಿಲ್ಲ, ಆಗಲೇ ಚೆಂಡು ಕೈ ಬಿಟ್ಟಿರಬೇಕು. ಅವನು ಎಲ್ಲಿಗೆ ಬರುತ್ತಾನೋ ಅಲ್ಲಿಗೆ ಎಸೆಯಬೇಕು. ಅದು ಕೂಡಿ ಬರಬೇಕಾದರೆ ಅದೇ ಇಬ್ಬರು ವಾರವಾರವೂ ಅದನ್ನೇ ನೂರಾರು ಸಲ ಮಾಡಬೇಕು. ಇದನ್ನೆಲ್ಲ ಚಂದವಾಗಿ ವಿವರಿಸಿ, ಕೊನೆಗೆ ನನ್ನ ಕಡೆ ತಿರುಗಿ ಕೇಳಿದರು: “ತರಬೇತಿಗೆ ಸಾಮಾನ್ಯವಾಗಿ ಎಷ್ಟು ಜನ ಬರ್ತಾರೆ?”

ನಾನು ಪುಸ್ತಕ ತೆರೆದು ಅವರ ಮುಂದಿಟ್ಟೆ. ಪಟ್ಟಿಯಲ್ಲಿ ಮೂವತ್ತೊಂದು ಹೆಸರು. ಪ್ರತಿ ಸಂಜೆಗೂ ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು ಟಿಕ್. ಗೆರೆಗಳು ನೇರ, ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿ.

“ಇಪ್ಪತ್ತೇಳು ಅಂತ ಹಿಡೀರಿ,” ಎಂದೆ.

“ಇಪ್ಪತ್ತೇಳು! ಹಾಗಾದ್ರೆ ಇದು ಆಗುತ್ತೆ.” ಅವರ ಮುಖ ಅರಳಿತು.

ಲೈನ್ ಕೋಚ್ ಲ್ಯಾಪ್‌ಟಾಪ್ ತರಲಿಲ್ಲ. ಮಡಚಿದ ಒಂದೇ ಹಾಳೆ. ಅದರಲ್ಲಿ ಪೆನ್ಸಿಲಿನಲ್ಲಿ ಆರು ಚಿತ್ರ. ಡಬಲ್ ವಿಂಗ್ ಎನ್ನುತ್ತಾರೆ ಆ ಆಟಕ್ಕೆ. ಲೈನಿನವರು ಪಾದಕ್ಕೆ ಪಾದ ತಾಗಿಸಿ ಗೋಡೆಯ ಹಾಗೆ ನಿಲ್ಲುತ್ತಾರೆ. ಅವರಲ್ಲಿ ಗಾರ್ಡ್ ಎನ್ನುವವನು ಆಟ ಶುರುವಾದ ಕೂಡಲೇ ತನ್ನ ಜಾಗ ಬಿಟ್ಟು, ಗೋಡೆಯ ಹಿಂದಿನಿಂದ ಪಕ್ಕಕ್ಕೆ ಓಡಿ, ಚೆಂಡು ಹಿಡಿದವನಿಗೆ ಮುಂದೆ ದಾರಿ ಮಾಡಿಕೊಡುತ್ತಾನೆ. ಎಸೆತ ಇಲ್ಲವೆನ್ನುವಷ್ಟು ಕಡಿಮೆ. ಆರೇ ಆಟ, ಬಲಕ್ಕೆ ಮೂರು, ಎಡಕ್ಕೆ ಮೂರು.

“ಇದು ನೋಡೋಕೆ ಚೆಂದ ಇಲ್ಲ,” ಎಂದ ಕ್ಯಾಪ್ಟನ್. ಅವನೇ ನಮ್ಮ ಕ್ವಾರ್ಟರ್‌ಬ್ಯಾಕ್. ಎಸೆತವೇ ಇಲ್ಲದ ಈ ಆಟದಲ್ಲಿ ಅವನಿಗೆ ಹೆಚ್ಚು ಕೆಲಸ ಇರಲಿಲ್ಲ.

“ಚೆಂದ ಇಲ್ಲ,” ಲೈನ್ ಕೋಚ್ ಒಪ್ಪಿಕೊಂಡರು. “ಬಂದಷ್ಟು ಜನರಲ್ಲಿ ಕಲಿಸಬಹುದು.”

“ಇಪ್ಪತ್ತೇಳು ಜನ ಇರುವಾಗ ಅಷ್ಟು ಭಯ ಯಾಕೆ?” ಎಂದರು ಮುಖ್ಯಸ್ಥೆ.

ಲೈನ್ ಕೋಚ್ ನನ್ನ ಪುಸ್ತಕದ ಕಡೆ ನೋಡಿದರು, ಆಮೇಲೆ ನನ್ನ ಕಡೆ. “ಮೈದಾನದಲ್ಲಿ ನಾನು ಯಾವತ್ತೂ ಇಪ್ಪತ್ತೇಳು ನೋಡಿಲ್ಲ,” ಎಂದರು.

ನನಗೆ ಚುರ್ ಎಂದಿತು. ಮೂರು ವರ್ಷದಲ್ಲಿ ಒಂದು ದಿನ ಬಿಡದೆ ಬರೆದ ಪುಸ್ತಕ ಅದು. “ನೀವು ನಿಮ್ಮ ಲೈನಿನವರನ್ನಷ್ಟೇ ನೋಡ್ತೀರಿ,” ಎಂದೆ. “ನಾನು ಎಲ್ಲರನ್ನೂ ಬರೀತೀನಿ.” ಅವರು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಥ್ಯಾಂಕ್ಸ್ ಹೇಳಿ ಹೋದರು. ಮತ ಹಾಕುವಾಗ ಮೂರಕ್ಕೆ ಮೂರೂ ಹೊರಗಿನವರಿಗೆ. ಕ್ಯಾಪ್ಟನ್ ಪುಸ್ತಕದ ಬಗ್ಗೆ ಏನೂ ಹೇಳಲಿಲ್ಲ. ಅವನು ನನ್ನ ಕಣ್ಣು ತಪ್ಪಿಸಿದ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಫೆಬ್ರುವರಿ ಮೊದಲ ಮಂಗಳವಾರ ಮೈದಾನ ತೆರೆಯಿತು. ಹೊಸ ಕೋಚ್ ಇನ್ನೊಂದು ಕ್ಲಬ್ಬಿನ ಕೆಲಸ ಬಿಟ್ಟು ಬಂದಿದ್ದರು. ಒಬ್ಬೊಬ್ಬರಿಗೂ ಪ್ಲಾಸ್ಟಿಕ್ ಹೊದಿಕೆಯ ಆಟದ ಪುಸ್ತಕ, ಇಪ್ಪತ್ತೇಳು ಪ್ರತಿ ಮಾಡಿಸಿಕೊಂಡು ಬಂದು ಬೆಂಚಿನ ಮೇಲೆ ಜೋಡಿಸಿಟ್ಟಿದ್ದರು. ಬಂದವರು ಹದಿನಾಲ್ಕು.

“ಪರೀಕ್ಷೆ ಈಗಷ್ಟೇ ಮುಗಿದಿದೆ,” ಎಂದೆ ನಾನು.

ಗುರುವಾರ ಹದಿನಾರು. ಮುಂದಿನ ಮಂಗಳವಾರ ಹದಿಮೂರು. “ಜ್ವರ ಹರಡಿದೆ,” ಎಂದೆ. ನಾಲ್ಕು ರಿಸೀವರ್‌ಗಳ ಜಾಗದಲ್ಲಿ ಒಬ್ಬ ಮನುಷ್ಯ, ಮೂರು ಕಿತ್ತಳೆ ಬಣ್ಣದ ಕೋನ್. ಕ್ಯಾಪ್ಟನ್ ಕೋನ್‌ಗಳಿಗೆ ಗುರಿಯಿಟ್ಟು ಎಸೆಯುತ್ತಿದ್ದ. ನದಿ ಕಡೆಯ ಗಾಳಿ ಚೆಂಡನ್ನು ಎತ್ತಿಕೊಂಡು ಹೋಗಿ ಬೇಲಿಗೆ ಹಾಕುತ್ತಿತ್ತು. ನಾನೇ ಓಡಿ ತಂದುಕೊಡುತ್ತಿದ್ದೆ. ಲೈನಿನ ದಪ್ಪ ಹುಡುಗರು ಮಾತ್ರ ಒಬ್ಬರೂ ತಪ್ಪಿಸದೆ ಬಂದು, ಮಾಡಲು ಕೆಲಸವಿಲ್ಲದೆ ಕೈ ಉಜ್ಜುತ್ತ ನಿಂತಿರುತ್ತಿದ್ದರು.

ರಂಜಾನ್ ಬಂತು. ಕ್ಯಾಂಟೀನಿನಲ್ಲಿ ಖರ್ಜೂರ ತಿಂದು ಉಪವಾಸ ಬಿಟ್ಟು, ಕಿಟಕಿಯಿಂದ ಮೈದಾನ ನೋಡುತ್ತ ತಲೆ ಎಣಿಸುವುದೇ ನನ್ನ ಕೆಲಸವಾಯಿತು. ಒಂದು ಸಂಜೆ ಹೊಸ ಕೋಚ್ ಪಕ್ಕದಲ್ಲಿ ಬಂದು ನಿಂತರು.

“ಉಳಿದವರು ಎಲ್ಲಿ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಗಿದ್ದು.

“ಬರ್ತಾರೆ,” ಎಂದೆ. “ಎಲ್ಲರೂ ಮೆಸೇಜ್ ಹಾಕಿದ್ದಾರೆ.”

ಮಾರ್ಚ್ ಮೊದಲ ಶನಿವಾರ ಅಭ್ಯಾಸ ಪಂದ್ಯ. ನಮಗೆ ಸೊನ್ನೆ, ಅವರಿಗೆ ನಲವತ್ತಾರು. ಕ್ಯಾಪ್ಟನ್ ಎಸೆದ ಚೆಂಡುಗಳಲ್ಲಿ ಐದನ್ನು ಎದುರಾಳಿಗಳೇ ಹಿಡಿದರು, ಯಾಕೆಂದರೆ ನಮ್ಮವರು ಇರಬೇಕಾದ ಕಡೆ ಇರಲಿಲ್ಲ. ಮೂರನೆಯ ಭಾಗದಲ್ಲಿ ಯಾರದೋ ಹೆಲ್ಮೆಟ್ಟಿಗೆ ಕೈ ಬಡಿದು ಕ್ಯಾಪ್ಟನ್‌ನ ಹೆಬ್ಬೆರಳು ಮುರಿಯಿತು. ನಾನು ಐಸ್ ಕಟ್ಟುತ್ತಿದ್ದಾಗ ಅವನು ಹಲ್ಲು ಕಚ್ಚಿಕೊಂಡು ಹೇಳಿದ: “ಸಾರಿ. ಸಂದರ್ಶನದ ದಿನಾನೇ ನಾನು ಬಾಯಿ ಬಿಡಬೇಕಿತ್ತು.”

“ಏನಂತ?”

ಅವನು ಇನ್ನೊಂದು ಕೈಯಿಂದ ಐಸಿನ ಚೀಲ ಒತ್ತಿ ಹಿಡಿದುಕೊಂಡು ಬೆಂಚಿನ ಕಡೆ ನಡೆದ.

ಉತ್ತರ ಕೊಟ್ಟವನು ಗದಗಿನ ಹುಡುಗ. ನಮ್ಮ ಕಾಲೇಜಿಗೆ ಸಂಶೋಧನೆಗೆಂದು ಬಂದು, ಹಾಸ್ಟೆಲಿನ ಗೆಳೆಯರ ಮಾತಿಗೆ ತಂಡ ಸೇರಿದವನು. ಕಂಬದಂಥ ಆಳು, ಲೈನಿನಲ್ಲಿ ಗಾರ್ಡ್. ಪಂದ್ಯದ ದಿನ ಹೆಲ್ಮೆಟ್‌ಗಳನ್ನು ವ್ಯಾನಿಗೆ ಏರಿಸಲು ನನ್ನ ಜೊತೆ ಉಳಿದಿದ್ದ.

“ಅಕ್ಕಾರ, ಒಂದ್ ಮಾತ್ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.”

“ಹೇಳಪ್ಪ.”

“ನವೆಂಬರ್‌ದಾಗ ನಾ ಊರಿಗೆ ಹೋಗಿದ್ನೆಲ್ರಿ, ತಂಗಿ ಮದವಿಗೆ? ಮೂರ್ ವಾರ ಇಲ್ಲಿ ಇರಲೇ ಇಲ್ಲ. ಮೊನ್ನೆ ನಿಮ್ ಪುಸ್ತಕ ನೋಡಿದ್ನಿ. ಆರಕ್ಕ ಆರೂ ಟಿಕ್ ಐತಿ.”

“ನೀನು ಹೇಳಿ ಹೋಗಿದ್ದೆಯಲ್ಲ,” ಎಂದೆ. ನಿಜಕ್ಕೂ ನನಗೆ ಅದರಲ್ಲಿ ತಪ್ಪೇನಿದೆ ಎಂದು ತಿಳಿದಿರಲಿಲ್ಲ. “ಪತ್ರ ಬರೆದು, ಕಾರಣ ಕೊಟ್ಟು ಹೋಗಿದ್ದೆ. ನಿನಗೆ ಗೈರುಹಾಜರಿ ಹಾಕಲೇನು?”

ಅವನು ನಗಲಾರದೆ ನಕ್ಕ. “ಅಕ್ಕಾರ, ನಾ ಗದಗದಾಗ ಊಟಕ್ಕ ಕುಂತಿದ್ನಿ. ನೀವ್ ನನ್ನ ಇಲ್ಲಿ ಓಡಿಸೀರಿ.”

ನಾನು ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮದುವೆಗೆ ಮುಂಚೆ ದಾವಣಗೆರೆಯ ಒಂದು ಕಾಲೇಜಿನಲ್ಲಿ ಗುಮಾಸ್ತೆಯಾಗಿದ್ದೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಹಾಲ್ ಟಿಕೆಟ್ ಸಿಗುತ್ತಿರಲಿಲ್ಲ. ಮಾರ್ಚ್ ಬಂತೆಂದರೆ ಮಕ್ಕಳು ಕಿಟಕಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಜ್ವರ ಬಂದವರಿಗೆ, ಮನೆಯಲ್ಲಿ ಸಾವಾದವರಿಗೆ, ಬಸ್ಸಿಲ್ಲದ ಹಳ್ಳಿಯವರಿಗೆ ಹಾಜರಿ ‘ಕೊಡು’ತ್ತಿದ್ದೆವು. ಪ್ರಿನ್ಸಿಪಾಲರಿಗೂ ಗೊತ್ತಿತ್ತು. ಕಾರಣ ಹೇಳಿದವನು ಬಂದವನಿಗೆ ಸಮ. ಇಲ್ಲಿಗೆ ಬಂದ ಮೇಲೆ ನೋಡಿದರೆ ಈ ದೇಶದಲ್ಲಿ ಬರಲಾಗದಿದ್ದರೆ ಮುಂಚಿತವಾಗಿ ತಿಳಿಸುವುದು ದೊಡ್ಡ ಶಿಸ್ತು. ಆಫ್‌ಮೆಲ್ಡೆನ್ ಎಂದು ಅದಕ್ಕೊಂದು ಪದವೇ ಇದೆ. ‘ಇಂದು ಬರಲಾಗದು, ಕ್ಷಮಿಸಿ’ ಎಂದು ಐದು ಗಂಟೆಗೆ ಮೆಸೇಜ್ ಬರುತ್ತಿತ್ತು. ಎಷ್ಟು ಒಳ್ಳೆಯ ಮಕ್ಕಳು ಎಂದುಕೊಂಡು ಟಿಕ್ ಹಾಕುತ್ತಿದ್ದೆ. ಹೇಳದೆ ತಪ್ಪಿಸಿಕೊಂಡ ನಾಲ್ಕೈದು ಮಂದಿಗೆ ಮಾತ್ರ ಅಡ್ಡಗೆರೆ.

ಭಾನುವಾರ ನ್ಯೂವೆಗೈನ್‌ನ ನಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕೂತೆ. ಸೆಪ್ಟೆಂಬರಿನಿಂದ ಬಂದ ಪ್ರತಿ ಮೆಸೇಜನ್ನೂ ಓದಿ, ಆ ದಿನದ ಟಿಕ್ಕನ್ನು ಹೊಡೆದುಹಾಕುತ್ತ ಹೋದೆ. ಬೆಸ್ಟ್ ಎಂಬ ದೂರದ ಊರಿನಲ್ಲಿ ಇಂಟರ್ನ್ ಆಗಿರುವ ಒಬ್ಬ ಹುಡುಗ, ನಮ್ಮ ಅತಿ ವೇಗದ ರಿಸೀವರ್, ನಲವತ್ತು ಮೆಸೇಜ್ ಹಾಕಿದ್ದ. ಎಲ್ಲವೂ ವಿನಯದ ಮೆಸೇಜುಗಳು. ಬಂದದ್ದು ಐದು ಸಲ.

ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. “ಏನ್ ಜೀ ಇದು, ರಂಜಾನ್ ರೋಜಾ ಹಿಡಿದು ಕೆಂಪು ಪೆನ್ನು?”

ಹೇಳಿದೆ. ಅವರು ಕುರ್ಚಿಯಲ್ಲಿ ಕೂತು ಒಂದು ಪುಟ ತಿರುವಿದರು. “ದಾವಣಗೆರೆಲಿ ನಿನ್ನ ಟಿಕ್‌ನಿಂದ ಪಾಸಾದೋರು ಎಷ್ಟ್ ಜನ ಡಾಕ್ಟರ್ ಆಗಿದಾರೋ, ಅಲ್ಲಾಹ್‌ನೇ ಬಲ್ಲ.”

“ನಗಬೇಡಿ.”

“ನಗ್ತಿಲ್ಲ. ಅಲ್ಲಿ ಪರೀಕ್ಷೆ ಬರೆಯೋನು ಅವನೊಬ್ಬನೇ, ನಿನ್ನ ಟಿಕ್ ನಡೀತು. ಇಲ್ಲಿ ಅವನು ಬರದಿದ್ರೆ ಪಕ್ಕದಲ್ಲಿ ನಿಂತಿರೋನು ಏನ್ ಮಾಡ್ಬೇಕು?”

ಸಂಜೆಯ ಹೊತ್ತಿಗೆ ಲೆಕ್ಕ ಮುಗಿಯಿತು. ನಿಜವಾಗಿ ಬರುತ್ತಿದ್ದವರು ಹದಿನಾರು. ಹೆಬ್ಬೆರಳು ಮುರಿದ ಕ್ಯಾಪ್ಟನ್ ಬಿಟ್ಟರೆ ಹದಿನೈದು. ಪಕ್ಕದಲ್ಲಿ ಅವರವರ ಜಾಗ ಬರೆದೆ. ಹತ್ತು ಮಂದಿ ಲೈನಿನವರು, ನಾಲ್ವರು ಓಟಗಾರರು, ಒಬ್ಬನೇ ರಿಸೀವರ್. ಎಸೆತದ ಆಟಕ್ಕೆ ಬೇಕಾದವರೆಲ್ಲ ನನ್ನ ಪುಸ್ತಕದಲ್ಲಿದ್ದರು. ಲೈನ್ ಕೋಚ್ ತಂದ ಆರು ಚಿತ್ರಗಳಿಗೆ ಬೇಕಾದವರೆಲ್ಲ ಮೈದಾನದಲ್ಲಿದ್ದರು. ಪಂದ್ಯಕ್ಕೆ ನಾಲ್ಕು ವಾರ. ಮೂರು ಜನ ಕಡಿಮೆ.

ಮೊದಲು ಹಳೆಯ ಕೋಚ್‌ಗೆ ಫೋನ್ ಮಾಡಿದೆ. ಅವರಿಗೆ ಬೇಜಾರು ಮಾಡುವುದು ಸರಿಯೋ ಅಲ್ಲವೋ ಗೊತ್ತಾಗಲಿಲ್ಲ, ಆದರೆ ಮೂರು ವರ್ಷ ಆ ಪುಸ್ತಕವನ್ನು ನನ್ನಿಂದ ತೆಗೆದುಕೊಂಡು ಸಹಿ ಮಾಡಿದವರು ಅವರು. ಎಲ್ಲ ಕೇಳಿಸಿಕೊಂಡರು.

“ಎಣಿಸೋಕೆ ನನಗೂ ಬರ್ತಿತ್ತು,” ಎಂದರು ಆಮೇಲೆ. “ಮೇಲಿನವರಿಗೆ ದೊಡ್ಡ ಸಂಖ್ಯೆ ಬೇಕಿತ್ತು. ನಿಮ್ಮ ಸಂಖ್ಯೆ ದೊಡ್ಡದಾಗಿತ್ತು. ನಾನು ಸಹಿ ಹಾಕಿದೆ.”

ಸೋಮವಾರ ಮುಖ್ಯಸ್ಥೆಯ ಕೋಣೆಗೆ ಹೋಗಿ ಕೆಂಪು ಗೆರೆಯ ಪುಸ್ತಕ ಮೇಜಿನ ಮೇಲಿಟ್ಟೆ. ಅವರು ನಾಲ್ಕು ಪುಟ ನೋಡಿದರು.

“ಸುಳ್ಳು ಬರೆದಿದ್ದೀರಿ.”

“ಹೌದು. ಸುಳ್ಳು ಅಂತ ಗೊತ್ತಿಲ್ಲದೆ.”

“ಬಂದವರನ್ನ ಬರೆಯೋ ಪುಸ್ತಕ ಇದು. ಬರಬೇಕು ಅಂತ ಮನಸ್ಸಿದ್ದವರನ್ನಲ್ಲ.” ಪುಸ್ತಕ ಮುಚ್ಚಿದರು. “ನಿಮ್ಮ ವಿಷಯ ಆಮೇಲೆ ನೋಡೋಣ. ಏಪ್ರಿಲ್ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ. ಹದಿನೆಂಟು. ಹೊಸ ಕೋಚ್‌ಗೆ ನೀವೇ ಹೇಳಿ. ತಂಡಕ್ಕೆ ಯಾರು ಏನು ಕಲಿಸಬೇಕು ಅನ್ನೋದನ್ನ ಈ ವಾರವೇ ತೀರ್ಮಾನ ಮಾಡಿ ತನ್ನಿ.”

ಹೊಸ ಕೋಚ್ ನಿಲ್ದಾಣದ ಪಕ್ಕದ ಕಾಫಿ ಅಂಗಡಿಗೆ ಬಂದರು. ನಾನು ತಿನ್ನುವ ಹಾಗಿರಲಿಲ್ಲ, ಕುಡಿಯುವ ಹಾಗಿರಲಿಲ್ಲ. ಖಾಲಿ ಮೇಜಿನ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಪುಸ್ತಕ ಮುಟ್ಟಲಿಲ್ಲ.

“ಕಾಗದದ ಮೇಲಿನ ತಂಡ ಕೊಟ್ಟಿರಿ ನನಗೆ,” ಎಂದರು.

“ಹೌದು.”

“ನಾನು ಒಂದು ಕ್ಲಬ್ ಬಿಟ್ಟು ಬಂದೆ. ಅಲ್ಲಿಗೆ ಬೇರೆಯವರು ಬಂದಾಯಿತು.”

“ಹೌದು. ಅದಕ್ಕೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ.”

ಸ್ವಲ್ಪ ಹೊತ್ತು ಚಮಚ ತಿರುಗಿಸುತ್ತಿದ್ದರು. “ಈಗ ಏನು ಯೋಚನೆ ಮಾಡಿದ್ದೀರಿ?”

ನಾನು ಎಲ್ಲವನ್ನೂ ಯೋಚಿಸಿಕೊಂಡೇ ಹೋಗಿದ್ದೆ. “ಇರೋ ಹದಿನೈದು ಜನಕ್ಕೆ ಸರಿಹೊಂದೋದು ಲೈನ್ ಕೋಚ್ ತಂದಿದ್ದ ಆಟ. ಅದು ಬಲ್ಲವರ ಕೈಗೆ ತಂಡ ಕೊಟ್ಟರೆ ಮಾತ್ರ ನಾಲ್ಕು ವಾರದಲ್ಲಿ ಏನಾದರೂ ಆದೀತು.”

“ಅದು ಬಲ್ಲವರ ಕೈಗೆ,” ಎಂದು ಅವರು ನನ್ನ ಮಾತನ್ನೇ ತಿರುಗಿ ಹೇಳಿದರು. ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ಆಮೇಲೆ ಮಫ್ಲರ್ ಸುತ್ತಿಕೊಂಡರು. “ಸರಿ. ಹಾಗೇ ಮಾಡಿ.” ರಾಜೀನಾಮೆ ಆ ಸಂಜೆಯೇ ಬಂತು, ಎರಡು ಸಾಲಿನಲ್ಲಿ.

ಲೈನ್ ಕೋಚ್ ಸಂದರ್ಶನದ ನಂತರ ಮೈದಾನಕ್ಕೆ ಬರುವುದನ್ನೇ ಬಿಟ್ಟಿದ್ದರು. ಫೋನ್ ಎತ್ತಲಿಲ್ಲ. ಬುಧವಾರ ಅರ್ಧ ದಿನ ರಜೆ ಹಾಕಿ, ಮೆಟ್ರೋ, ಅದರ ಮೇಲೊಂದು ಬಸ್ಸು ಹಿಡಿದು, ಬಂದರಿನ ಅವರ ಗೇಟಿನ ಹೊರಗೆ ನಿಂತೆ. ಮೂರು ಗಂಟೆಗೆ ಪಾಳಿ ಬಿಟ್ಟಿತು. ಹಳದಿ ಜಾಕೆಟ್ಟಿನ ಗುಂಪಿನಲ್ಲಿ ಅವರು ನನ್ನನ್ನು ಕಂಡು ನಿಂತರು.

“ಇಪ್ಪತ್ತೇಳು ಜನಾನೂ ಬಸ್ಸಲ್ಲಿ ಬಂದ್ರಾ?” ಎಂದರು.

ಆ ಮಾತು ನನಗೆ ಸಲ್ಲಬೇಕಾದದ್ದೇ. “ತಪ್ಪು ನಂದು,” ಎಂದೆ. “ನೀವು ಹೇಳಿದ್ದು ನಿಜ. ನಾನು ಜಂಬ ಮಾಡಿದೆ.”

“ನಿಜವಾಗಿ ಎಷ್ಟು?”

“ಹದಿನೈದು.”

“ಹೆಸರು ಓದಿ.”

ಬಸ್ ನಿಲ್ದಾಣದ ಗಾಳಿಯಲ್ಲಿ ಹದಿನೈದು ಹೆಸರು ಓದಿದೆ. ಒಂದೊಂದು ಹೆಸರಿಗೂ ಅವರು ಕಣ್ಣು ಮುಚ್ಚಿ ತಲೆ ಆಡಿಸಿದರು. ಒಬ್ಬೊಬ್ಬರನ್ನೂ ಎಲ್ಲೋ ನಿಲ್ಲಿಸಿ ನೋಡುತ್ತಿದ್ದ ಹಾಗಿತ್ತು.

“ಇಷ್ಟು ಸಾಕು ಆಡೋಕೆ,” ಎಂದರು. “ಆದರೆ ಶುರು ಮಾಡೋಕೆ ಸಾಲದು. ಇನ್ನು ಮೂರು ಜನ ನೀವು ತನ್ನಿ. ಕಲಿಸೋದು ನನ್ನ ಪಾಡು. ಮತ್ತೆ ಆ ಪುಸ್ತಕ—”

“ಬಂದವರನ್ನ ಮಾತ್ರ.”

“ಬಂದವರನ್ನ ಮಾತ್ರ.”

ಮುಖ್ಯಸ್ಥೆ ಒಪ್ಪಿದರು. ಮುಂದಿನ ಶನಿವಾರ ಹನ್ನೊಂದು ಜನಕ್ಕೆ ಫೋನ್ ಮಾಡಿದೆ. ನನ್ನ ದಯೆಯಿಂದ ಹಾಜರಾಗಿದ್ದ ಹನ್ನೊಂದು ಜನ. ಇಷ್ಟು ಕಷ್ಟದ ಶನಿವಾರ ನನಗೆ ನೆನಪಿಲ್ಲ. ಒಬ್ಬನಿಗೆ ಅಂಗಡಿ ಕೆಲಸ, ಒಬ್ಬನಿಗೆ ಪ್ರಬಂಧ, ಒಬ್ಬನ ತಾಯಿಗೆ ಆಪರೇಷನ್ ಆಗಿತ್ತು. ಎಲ್ಲ ಕಾರಣಗಳೂ ನಿಜವೇ. ನಾನು ಮಾತ್ರ ಒಂದೇ ಪ್ರಶ್ನೆ ಕೇಳಬೇಕಿತ್ತು: ಬರುತ್ತೀಯೋ, ಹೆಸರು ತೆಗೆಯಲೋ?

“ಆದರೆ ನೀವು ಯಾವಾಗಲೂ ಪರವಾಗಿಲ್ಲ ಅಂತಿದ್ರಿ!” ಎಂದ ಒಬ್ಬ, ನೋವಿನಿಂದ.

ಬೆಸ್ಟ್‌ನ ಹುಡುಗ ಮೊದಲು ಕೆಲಸದ ಹೊತ್ತು, ದಾರಿಯ ದೂರ ಎಲ್ಲ ವಿವರಿಸಿದ. ಕೊನೆಗೆ ಹೇಳಿದ: “ನಾನು ಬರದಿದ್ರೆ ಯಾರಿಗೂ ತೊಂದರೆ ಇಲ್ಲ ಅಂದ್ಕೊಂಡಿದ್ದೆ. ಯಾವತ್ತೂ ಯಾರೂ ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ.”

ಫೋನ್ ಇಟ್ಟ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಒಬ್ಬನ ಹೆಸರಿನ ಮುಂದೆ ಅಡ್ಡಗೆರೆ ಎಳೆಯುವುದೆಂದರೆ ಅವನನ್ನು ದೂರಿದ ಹಾಗೆ ಎಂದೇ ತಿಳಿದಿದ್ದೆ. ನೀನಿಲ್ಲದೆ ಜಾಗ ಖಾಲಿಯಿತ್ತು ಎಂದು ಹೇಳಲು ನನ್ನ ಕೈಯಲ್ಲಿದ್ದದ್ದು ಆ ಗೆರೆಯೊಂದೇ. ಅದನ್ನೇ ನಾನು ಮೂರು ವರ್ಷ ಎಳೆದಿರಲಿಲ್ಲ.

ಬೆಸ್ಟ್‌ನ ಹುಡುಗನೂ ಸೇರಿ ನಾಲ್ವರು ಬರುತ್ತೇನೆಂದರು. ಏಳು ಹೆಸರು ತೆಗೆದೆ. ತಾಯಿಗೆ ಆಪರೇಷನ್ ಆದವನದ್ದೂ ತೆಗೆದೆ. ಅವನು “ಅರ್ಥ ಆಗುತ್ತೆ” ಎಂದ. ಅರ್ಥವಾಗದೆ ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಉಳಿದದ್ದು ಆರು ಸಂಜೆ. ಲೈನ್ ಕೋಚ್ ಚೆಂಡನ್ನೇ ಮುಟ್ಟಿಸದೆ ಎರಡು ಸಂಜೆ ಕಳೆದರು. ನೆಲಕ್ಕೆ ಹಗ್ಗ ಹಾಸಿ, ಅದರ ಮೇಲೆ ಪಾದಕ್ಕೆ ಪಾದ ತಾಗಿಸಿ ನಿಲ್ಲಿಸಿ, ಮೊದಲ ಹೆಜ್ಜೆ, ಮತ್ತೆ ಮೊದಲ ಹೆಜ್ಜೆ. ಮೂರನೆಯ ಸಂಜೆ ಮೊದಲ ಆಟ. ಗದಗಿನ ಹುಡುಗ ಗೋಡೆಯ ಹಿಂದಿನಿಂದ ಓಡಿಬರುವಾಗ ಪ್ರತಿ ಸಲವೂ ನಮ್ಮವನನ್ನೇ ಗುದ್ದುತ್ತಿದ್ದ.

“ನಿಂಗ ಕಣ್ ಕಾಣ್ಸೂದಿಲ್ಲೇನೋ?” ಎಂದು ತನ್ನನ್ನೇ ಬೈದುಕೊಳ್ಳುವನು. ಯಾರಿಗೂ ಅರ್ಥವಾಗದಿದ್ದರೂ ಎಲ್ಲರೂ ನಗುವರು. ಆಮೇಲೆ ಮತ್ತೆ ಹಗ್ಗದ ಮೇಲೆ.

ಐದನೆಯ ಸಂಜೆ ನಾಲ್ವರಲ್ಲಿ ಒಬ್ಬ ಬರಲಿಲ್ಲ, ಫೋನೂ ಎತ್ತಲಿಲ್ಲ. ಪುಸ್ತಕದಲ್ಲಿ ಹದಿನೆಂಟು. ಇನ್ನು ಒಬ್ಬನಿಗೆ ಕಾಲು ಉಳುಕಿದರೂ ಮುಗಿಯಿತು. ಅಲ್ಲಿಂದ ಪಂದ್ಯದವರೆಗೆ ನಾನು ಹುಡುಗರು ಸೈಕಲ್ ಹತ್ತುವುದನ್ನೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಒಬ್ಬ ಸೀನಿದರೆ ಶುಂಠಿ ಕಷಾಯ ಮಾಡಿಕೊಂಡು ರೈಲಿನಲ್ಲಿ ಫ್ಲಾಸ್ಕ್ ಹೊತ್ತು ಬರುತ್ತಿದ್ದೆ.

ಭಾನುವಾರ ಎರಡು ಗಂಟೆಗೆ ಪಂದ್ಯ. ಒಂದೂವರೆಗೆ ರೆಫರಿ ಬಂದು ನಮ್ಮವರನ್ನು ಸಾಲಾಗಿ ನಿಲ್ಲಿಸಿ, ಹೆಲ್ಮೆಟ್ ತಟ್ಟುತ್ತ ಎಣಿಸಿದ. ಹದಿನೆಂಟು. ನಾನು ಸಹಿ ಹಾಕಿದೆ. ಎದುರಿನವರು ಮೂವತ್ತೆರಡು ಜನ.

ಮೊದಲ ಭಾಗದಲ್ಲಿ ಅವರು ಎರಡು ಸಲ ನಮ್ಮ ಕೊನೆಯ ಗೆರೆ ದಾಟಿ ಹದಿನಾಲ್ಕು ಅಂಕ ಗಳಿಸಿದರು. ನಮ್ಮದು ಒಂದೊಂದು ಆಟಕ್ಕೆ ಮೂರು ಹೆಜ್ಜೆ, ನಾಲ್ಕು ಹೆಜ್ಜೆ. ಪ್ರೇಕ್ಷಕರಿಗೆ ಬೇಸರವಾಗಿ ಫೋನ್ ನೋಡತೊಡಗಿದರು. ಆದರೆ ಆ ಮೂರು ಮೂರು ಹೆಜ್ಜೆಯಲ್ಲೇ ಹೊತ್ತು ಕಳೆಯುತ್ತಿತ್ತು, ಚೆಂಡು ನಮ್ಮ ಕೈಯಲ್ಲೇ ಇತ್ತು. ಮೂರನೆಯ ಭಾಗದಲ್ಲಿ ನಮ್ಮವನೊಬ್ಬ ಕಣಕಾಲು ತಿರುಚಿಕೊಂಡು ಹೊರಗೆ ಬಂದ. ಲೈನ್ ಕೋಚ್ ಪಕ್ಕದವನನ್ನು ಆ ಜಾಗಕ್ಕೆ ಸರಿಸಿದರು, ಆಟ ನಿಲ್ಲಲಿಲ್ಲ. ಕೊನೆಯ ಭಾಗದಲ್ಲಿ ಗದಗಿನ ಹುಡುಗ ಎದುರಿನವನನ್ನು ಎತ್ತಿ ಪಕ್ಕಕ್ಕಿಟ್ಟ. ಅವನ ಬೆನ್ನ ಹಿಂದೆಯೇ ಬೆಸ್ಟ್‌ನ ಹುಡುಗ ಚೆಂಡು ಅವುಚಿಕೊಂಡು ಗೆರೆ ದಾಟಿದ. ನಮಗೆ ಆರು, ಅವರಿಗೆ ಹದಿನಾಲ್ಕು. ಸೋತೆವು. ಪಂದ್ಯವನ್ನು ಆಡಿ ಸೋತೆವು. ಮುಖ್ಯಸ್ಥೆ ಲೈನ್ ಕೋಚ್‌ರ ಕೈ ಕುಲುಕಿ, “ಮುಂದಿನ ಭಾನುವಾರ ನೋಡೋಣ,” ಎಂದು ಸೈಕಲ್ ಹತ್ತಿದರು.

ಐಸಿನ ಡಬ್ಬಿ ತೆಗೆದುಕೊಂಡು ಹೊರಡುವಾಗ ಆಚೆ ಬದಿಯ ಕಂಬಿಗೆ ಒರಗಿ ನಿಂತಿದ್ದ ಒಬ್ಬರನ್ನು ಕಂಡೆ. ರಾಜೀನಾಮೆ ಕೊಟ್ಟಿದ್ದ ಕೋಚ್. ಯಾವಾಗಿನಿಂದ ನಿಂತಿದ್ದರೋ. ಹತ್ತಿರ ಹೋಗದಿರಲು ಆಗಲಿಲ್ಲ.

“ಹದಿನೆಂಟು,” ಎಂದರು, ನಾನು ಬಾಯಿ ತೆರೆಯುವ ಮೊದಲೇ. “ನಾನೂ ಎಣಿಸಿದೆ.”

“ಹೌದು.”

“ಆ ನಿಮ್ಮ ದೊಡ್ಡ ಹುಡುಗ, ಗಾರ್ಡ್. ಅವನ ಮೊದಲ ಹೆಜ್ಜೆ ಉದ್ದ. ಗೇಣಿಗಿಂತ ಹೆಚ್ಚು ಇಡಬಾರದು. ಹಿಮ್ಮಡಿ ಹಿಂದಕ್ಕೆ, ಮೊಣಕೈ ಹಿಂದಕ್ಕೆ, ಆಮೇಲೆ ಓಟ. ಹೇಳಿ ಅವನಿಗೆ, ನಮ್ಮವರನ್ನ ಗುದ್ದೋದು ತಪ್ಪುತ್ತೆ.”

ನಾನು ಅವರ ಮುಖ ನೋಡಿದೆ. “ನಿಮಗೆ ಈ ಆಟ ಗೊತ್ತಾ?”

“ನಾನು ಶುರು ಮಾಡಿದ್ದೇ ಇದರಲ್ಲಿ. ನಾಲ್ಕು ವರ್ಷ ಗಾರ್ಡ್ ಆಗಿದ್ದೆ. ನಮ್ಮೂರಲ್ಲಿ ನಾವಿದ್ದಿದ್ದೇ ಹದಿನಾರೋ ಹದಿನೇಳೋ ಜನ. ಬೇರೆ ಯಾವ ಆಟ ಆಡೋಕಾಗ್ತಿತ್ತು?”

“ಹಾಗಾದ್ರೆ ಸಂದರ್ಶನದ ದಿನ ಇದನ್ನ ಯಾಕೆ ತರಲಿಲ್ಲ?”

“ನೀವು ಇಪ್ಪತ್ತೇಳು ಅಂದ್ರಿ.”

“ಅವತ್ತು ಕಾಫಿ ಅಂಗಡಿಯಲ್ಲಿ?”

“ಅವತ್ತು ನೀವು ಕೇಳಲಿಲ್ಲ.”

ಅವರಿಗೆ ಟ್ರಾಮ್ ಹಿಡಿಯಬೇಕಿತ್ತು. ಐಸಿನ ಡಬ್ಬಿ ಹಿಡಿದುಕೊಂಡೇ ನಾನು ಗೇಟಿನವರೆಗೆ ಅವರ ಜೊತೆ ನಡೆದೆ. ಟ್ರಾಮ್ ಬಂದಾಗ ಅವರು ತಲೆಬಾಗಿಸಿ ಹತ್ತಿದರು, ನಾನು ಹುಡುಗನಿಗೆ ಹೆಜ್ಜೆಯ ಅಳತೆ ಹೇಳಲು ತಿರುಗಿ ಮೈದಾನಕ್ಕೆ ಬಂದೆ.